ಈಶಾನ್ಯ ಮೂಲೆಯ ಚೆಂಬು

ದೂರು ಬಂದದ್ದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಎಟೋಬಿಕೋಕ್ ಠಾಣೆಗೆ ಕನ್ನಡದವರ ದೂರು ಬಂತೆಂದರೆ ಅದು ಡಿಟೆಕ್ಟಿವ್ ಶ್ರೀವಿದ್ಯಾಳ ಕೊರಳಿಗೇ ಬೀಳುತ್ತಿತ್ತು.

"ಎಫ್‌ಐಆರ್ ಕಾಪಿ ಕೊಡಿ ಮೇಡಂ. ಸೈಟಲ್ಲಿ ಪಂಚನಾಮೆನೂ ಆಗ್ಬೇಕು," ಎಂದರು ದೂರು ತಂದಿದ್ದ ಸತ್ಯಪ್ರಕಾಶ್.

"ಈ ದೇಶದಲ್ಲಿ ಅವೆರಡೂ ಇಲ್ಲ ಸಾರ್. ಏನು ಕಳುವಾಗಿದೆ?"

"ಚೆಂಬು."

ಶ್ರೀವಿದ್ಯಾ ಪೆನ್ನು ಕೆಳಗಿಟ್ಟಳು. ಕೊಂಡ ಮನೆಯನ್ನು ಕೆಡವಿ ಸತ್ಯಪ್ರಕಾಶ್ ಹೊಸದು ಕಟ್ಟಿಸುತ್ತಿದ್ದರು. ಶನಿವಾರ ಶಂಕುಸ್ಥಾಪನೆ ಮಾಡಿ, ನವರತ್ನ ಹಾಕಿದ ತಾಮ್ರದ ಚೆಂಬನ್ನು ಪಾಯದ ಈಶಾನ್ಯ ಮೂಲೆಯಲ್ಲಿ ಹೂತಿದ್ದರು. ಭಾನುವಾರ ಹೋಗಿ ನೋಡಿದರೆ ಗುಂಡಿ ಖಾಲಿ. ಅದು ಸಿಗದೆ ಕಾಂಕ್ರೀಟ್ ಹಾಕಕೂಡದೆಂದು ಹೆಂಡತಿ ಪದ್ಮಾ ಪಟ್ಟು ಹಿಡಿದಿದ್ದರು. ಈ ವಾರ ತಪ್ಪಿದರೆ ಕಂಟ್ರಾಕ್ಟರ್ ಕೈಗೆ ಸಿಗುವುದು ಚಳಿಗಾಲ ಕಳೆದ ಮೇಲೆಯೇ.

"ಯಾರ ಮೇಲಾದ್ರೂ ಡೌಟ್ ಇದೆಯಾ?"

"ಇದು ಮಾಟ ಮೇಡಂ. ಪೂಜೆಗೆ ಮೊದ್ಲು ಜೆಸಿಬಿಯವ್ನು ಪಾಯ ಅಗೆಯುವಾಗ ಅದೇ ಮೂಲೇಲಿ ಕಿಲುಬು ಹಿಡಿದ ಚೆಂಬೊಂದು ಸಿಕ್ಕಿತ್ತು. ಯಾರೋ ಮಾಡಿಸಿ ಹೂತಿದ್ರು. ಮುಟ್ಟದೆ ಮಣ್ಣಿನ ಟ್ರಕ್ಕಿಗೆ ಹಾಕಿಸ್ದೆ."

"ಮಾಟ ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ ಸಾರ್."

ಮಂಗಳವಾರ ಸೈಟಿಗೆ ಹೋದಾಗ ಪಕ್ಕದ ಮನೆಯ ಅಜ್ಜಿ ರೋಸಾ ಬೇಲಿಯಾಚೆ ನಿಂತು ಇಂಗ್ಲಿಷಿನಲ್ಲಿ ಜಾಗದ ಪುರಾಣವನ್ನೇ ಬಿಚ್ಚಿದಳು. ಇಲ್ಲಿ ಏಳುತ್ತಿರುವುದು ಮೂರನೆಯ ಮನೆ. ಮೊದಲಿದ್ದದ್ದು ಯುದ್ಧದಿಂದ ಮರಳಿದ ಸೈನಿಕನ ಪುಟ್ಟ ಬಂಗಲೆ. ಅದನ್ನು ಕೆಡವಿ ಕಟ್ಟಿಸಿದವರು ವಿನೋದಾ ಮತ್ತು ಆಕೆಯ ಗಂಡ. ಗಂಡ ತೀರಿಕೊಂಡ ಮೇಲೆ, ಈ ವಸಂತದಲ್ಲಿ ಆಕೆ ಮಾರಿಬಿಟ್ಟಳು.

"ಅವರೂ ಪೂಜೆ ಮಾಡಿ ಆ ಮೂಲೆಯಲ್ಲೇ ಏನೋ ಹೂತಿದ್ದರು."

"ಭಾನುವಾರ ಯಾರಾದರೂ ಬಂದಿದ್ದರಾ?"

"ವಿನೋದಾ ಬಂದಿದ್ದಳು, ಸಲಿಕೆ ಹಿಡಿದು. ನಾನು ಕೈ ಬೀಸಿದೆ."

"ಮನೆಯವರಿಗೆ ಹೇಳಲಿಲ್ಲವೇ?"

"ಯಾರೂ ಕೇಳಲಿಲ್ಲ."

ಶ್ರೀವಿದ್ಯಾ ಹಣೆ ಒತ್ತಿಕೊಂಡಳು.

ವಿನೋದಾ ಈಗ ರೆಕ್ಸ್‌ಡೇಲಿನ ಅಪಾರ್ಟ್‌ಮೆಂಟಿನಲ್ಲಿದ್ದರು. ದೇವರ ಪಟಗಳ ಮುಂದೆಯೇ ಚೆಂಬು ಕುಳಿತಿತ್ತು.

"ಇದು ಎಲ್ಲಿಂದ ಬಂತು ಆಂಟಿ?"

"ನಮ್ಮದು ಅಂತ ತಂದದ್ದು ಮಾರಾಯ್ತಿ. ನಾವೂ ಈಶಾನ್ಯದಲ್ಲೇ ಇಟ್ಟದ್ದಲ್ವಾ? ಇಲ್ಲಿ ಬಂದು ಮಣ್ಣು ತೊಳೆದರೆ ಪಳಪಳ ಹೊಳೀತಾ ಉಂಟು! ನಮ್ಮದಾದರೆ ಕಿಲುಬು ಹಿಡೀಬೇಕಿತ್ತು."

"ಮೊದಲೇ ಅವರನ್ನ ಕೇಳಬಹುದಿತ್ತಲ್ಲ?"

"ಮಾರಿದ ಜಾಗವನ್ನು ಅಗೀಲಿಕ್ಕೆ ಬಿಡಿ ಅಂತ ಯಾವ ಮುಖದಲ್ಲಿ ಕೇಳುವುದು?"

"ವಾಪಸ್ ಆದ್ರೂ ಇಡಬಹುದಿತ್ತು."

"ಹೋಗಿದ್ದೆ. ಅಲ್ಲಿ ಆ ಮನೆಯ ಹೆಂಗಸು ಅಳ್ತಾ ನಿಂತಿದ್ರು. ಹೆದರಿಕೆ ಆಯ್ತು."

ಒಂದು ಮಾತಿನಲ್ಲಿ ಮುಗಿಯುವ ಸಂಗತಿಗೆ ಇಷ್ಟು ಓಡಾಟ! ಬೈಯಬೇಕೆನಿಸಿದರೂ ಶ್ರೀವಿದ್ಯಾ ಬೈಯಲಿಲ್ಲ. ಕಳವಿನ ಆರೋಪದ ಮೇಲೆ ಅರೆಸ್ಟ್ ಮಾಡುತ್ತಿರುವುದಾಗಿ ತಿಳಿಸಿದಳು. ವಿನೋದಾ ಗ್ಯಾಸ್ ಆರಿಸಿ, ಚಪ್ಪಲಿ ಮೆಟ್ಟಿ ಹೊರಟರು.

ಠಾಣೆಯಲ್ಲಿ, ಕೋರ್ಟಿಗೆ ಬರುವ ಷರತ್ತಿಗೆ ವಿನೋದಾ ಸಹಿ ಹಾಕುತ್ತಿದ್ದಾಗ ಚೆಂಬನ್ನು ಗುರುತಿಸಲು ಸತ್ಯಪ್ರಕಾಶ್ ಬಂದರು.

"ತಪ್ಪಾಯ್ತು," ಎಂದರು ವಿನೋದಾ. "ಅಗೆಯುವಾಗ ನಮ್ಮದೊಂದು ಸಿಗಲಿಲ್ವಾ? ಚೆಂಬಿಗೆ ಹಾಕ್ಲಿಕ್ಕೆ ಬೇರೆ ಬಂಗಾರ ಇರಲಿಲ್ಲ ಅಂತ ನಮ್ಮವರು ಮದುವೆಯ ಉಂಗುರವನ್ನೇ ಹಾಕಿದ್ರು."

ಸತ್ಯಪ್ರಕಾಶ್ ಶ್ರೀವಿದ್ಯಾಳ ಮುಖ ನೋಡಿದರು. ಅವಳಿಗೆ ರೇಗಿಹೋಯಿತು. ಇದನ್ನೂ ತಾನೇ ಹೇಳಬೇಕೇ?

"ನೀವೇ ಹೇಳಿ ಸಾರ್."

"ಸಿಕ್ಕಿತ್ತು ಆಂಟಿ. ಮಾಟ ಅಂದ್ಕೊಂಡು ಎಸೆಸ್ಬಿಟ್ಟೆ. ಆ ಮಣ್ಣನ್ನ ವಿಟ್ಬಿ ಊರಿನ ಕಡೆ ಯಾವುದೋ ರೋಡಿನ ಕೆಳಗೆ ಹಾಕಿದ್ರಂತೆ."

ವಿನೋದಾ ಉಳಿದಿದ್ದ ಸಹಿ ಮುಗಿಸಿದರು. ಆಮೇಲೆ ಚೆಂಬನ್ನು ಅವರತ್ತ ಸರಿಸಿದರು.

"ಇದನ್ನು ಅಲ್ಲಿಯೇ ಇಡಿ. ಒಳ್ಳೆ ಮೂಲೆ ಅದು. ನಾವು ಚೆನ್ನಾಗಿಯೇ ಇದ್ದೆವು."

ಅವರಿಬ್ಬರೂ ಹೋದ ಮೇಲೆ ಶ್ರೀವಿದ್ಯಾ ವರದಿ ಮುಗಿಸಲು ಕುಳಿತಳು. ಕೃತ್ಯದ ಕಾರಣ ಎಂಬಲ್ಲಿ, ಗಂಡನ ಉಂಗುರವನ್ನು ಮನೆಗೆ ತರಲು ಹೋಗಿದ್ದರು ಎಂದು ಬರೆದಳು.