ಐವತ್ತೆಂಟು ಮಕ್ಕಳ ಒಂದೇ ಹುಟ್ಟುದಿನ

ಸಾಕ್ಷಿಯಂತ್ರದ ಗಾಜಿನ ಮೇಲೆ ನೀಲಿ ಬೆಳಕು ಹರಿದು, ೧೯೬೨ರ ಶಾಲಾ ದಾಖಲಾತಿ ಪುಸ್ತಕದ ಹಾಳೆಗಳು ತಾವಾಗಿಯೇ ಮಗುಚಿದವು. ಕಾಗದದ ನಾರು, ಶಾಯಿಯ ವಯಸ್ಸು, ಬರೆದ ಕೈಯ ಒತ್ತಡ ಎಲ್ಲ ಅಳೆದು, ಬರಹವನ್ನು ಕೋಟಿಗಟ್ಟಲೆ ದಾಖಲೆಗಳೊಂದಿಗೆ ತಾಳೆ ನೋಡಿ, ನೂರಕ್ಕೆ ಎಷ್ಟು ಪಾಲು ನಂಬಬಹುದೆಂದು ಹೇಳುವ ಯಂತ್ರ ಅದು. ೨೦೫೮ರಲ್ಲಿ ಅದರ ಮಾತೇ ಕಡೆಯ ಮಾತು.

ಪರದೆಯ ಮೇಲೆ ಅಂಕಿ ಮೂಡಿತು: ಮೂರು.

ಇತಿಹಾಸದ ಟೀಚರ್ ದ್ಯಾಮವ್ವ ಪರದೆಗೆ ಇನ್ನೂ ಹತ್ತಿರ ಬಾಗಿದಳು. ಕುರಿಗಾರರ ಕರೆಕಲ್ಲಹಟ್ಟಿ ೧೯೭೦ಕ್ಕಿಂತ ಮುಂಚೆಯೇ ಇತ್ತೆಂದು ತೋರಿಸಿದರೆ ಊರು ಉಳಿಯುತ್ತದೆ. ಇಲ್ಲವಾದರೆ ಸೌರವಿದ್ಯುತ್ ಸ್ಥಾವರಕ್ಕಾಗಿ ನೂರಾ ಹತ್ತು ಮನೆ ನೆಲಸಮ. ಅವಳು ಹುಟ್ಟಿದ ಮನೆಯೂ ಅದರಲ್ಲೊಂದು. ಉಳಿದಿದ್ದ ಆಧಾರ ಊರ ಶಾಲೆಯ ಇದೊಂದೇ ಪುಸ್ತಕ.

"ಕಾಗದ ಹಳೇದ ಐತಿ, ಶಾಯಿನೂ ಹಳೇದ," ಎಂದರು ಯಂತ್ರ ಕಂಡುಹಿಡಿದ ಡಾ. ಹಂಪಣ್ಣವರ್. "ಆದ್ರ ಬರದದ್ದು ಸುಳ್ಳು ಅಂತೈತಿ. ಎಂಬತ್ಮೂರು ಮಕ್ಕಳೊಳಗ ಐವತ್ತೆಂಟು ಮಂದಿ ಜೂನ್ ಒಂದಕ್ಕ ಹುಟ್ಯಾರ. ಹಂಗ ಆಗಾಕ ಸಾಧ್ಯ ಐತೇನ್ರೀ ಟೀಚರ?"

"ಹುಟ್ಟಿದ್ದಲ್ರೀ, ಬರದದ್ದು!" ದ್ಯಾಮವ್ವನ ಸಿಟ್ಟು ನೆತ್ತಿಗೇರಿತು. "ಕುರಿ ಉಣ್ಣೆ ಕತ್ತರಿಸೋ ಕಾಲಕ್ಕ ಹುಟ್ಯಾನ ಅಂತ ತಾಯಿ ಹೇಳಿದ್ರ ಹೆಡ್‌ಮಾಸ್ತರ ಯಾವ ತಾರೀಖು ಬರೀಬೇಕು? ತಲಿ ಮ್ಯಾಲಿಂದ ಕೈ ಹಾಕಿಸಿ, ಆಚಿ ಕಿವಿ ಮುಟ್ಟಿದ್ರ ಆರು ವರ್ಷ ಆತು ಅಂತ ಜೂನ್ ಒಂದು ಬರದ. ಸಾಲಿ ಸುರು ಆಗೋದ ಜೂನ್‌ದಾಗ. ಖೊಟ್ಟಿ ಪುಸ್ತಕ ಬರಿಯವ ಆಗಿದ್ರ ವರ್ಷದ ಅಷ್ಟೂ ದಿನಕ್ಕ ಚಂದಾಗಿ ಹಂಚತಿದ್ದ. ಈ ಸುಳ್ಳ ಖರೇ ಸಾಲಿಗೆ ಸಾಕ್ಷಿ!"

ಹಂಪಣ್ಣವರ್ ಆ ತಾರೀಖಿನ ಮೇಲೆ ಬೆರಳಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ನಮ್ಮಜ್ಜಂದೂ ಇದ ತಾರೀಖು," ಎಂದರು. "ಯಂತ್ರಕ್ಕ ಕಲಿಸುವಾಗ ಅಂಥಾ ಪುಸ್ತಕ ಸಾವಿರಾರು ಬಂದಿದ್ವು. ಹೊಲಸು ಮಾಹಿತಿ ಅಂತ ನಾನ ತೆಗೆದು ಒಗದೆ."

"ಹಂಗಾರ ಆ ಸಾಹೇಬ್ರಿಗೆ ಹೇಳ್ರಿ! ನನ್ನ ಮುಂದ ಅತ್ರ ಏನ ಬಂತು?"

ಹೇಳಿದರು. ಎದುರಿಗಿದ್ದ ಭೂಸ್ವಾಧೀನದ ಅಧಿಕಾರಿ ನಿಯಮ ಓದಿದ. ಅಂಕಿ ಬಂದ ಮೇಲೆ ಯಾರ ವಿವರಣೆಯೂ ನಡೆಯದು, ಯಂತ್ರ ಮಾಡಿದವನದ್ದೂ ನಡೆಯದು. ಇತಿಹಾಸ ಓದುವ ಹತ್ತು ವಿದ್ಯಾರ್ಥಿಗಳು ಯಾರೂ ಹೇಳಿಕೊಡದೆ ಮೂಲ ಪುಸ್ತಕ ಓದಿ, ತಮ್ಮ ಕಾರಣ ತಾವೇ ಬರೆದುಕೊಟ್ಟರೆ ಮಾತ್ರ ಮರುವಿಚಾರಣೆ. ಸಂಜೆ ಐದರೊಳಗೆ.

ದ್ಯಾಮವ್ವ ಪುಸ್ತಕ ಎದೆಗವಚಿಕೊಂಡು ತಾನು ಕಲಿಸುವ ಕಾಲೇಜಿಗೆ ಓಡಿದಳು. ಮೂವತ್ತೊಂದು ಮಕ್ಕಳ ಮುಂದೆ ಅದನ್ನು ಬಿಚ್ಚಿಟ್ಟಳು.

"ನೋಡ್ರಿ. ಇದನ್ನ ಯಾರು ಬರದ? ಯಾರು ಓದಲಿ ಅಂತ ಬರದ? ಯಾಕ ಹಿಂಗ ಬರದ? ನಾ ಉತ್ತರ ಹೇಳೋ ಹಂಗಿಲ್ಲ. ನೀವ ಬರೀರಿ."

ಮಕ್ಕಳು ಹಾಳೆ ಮಗುಚಿದರು.

"ಮೇಡಂ, ಯಂತ್ರ ಮೂರು ಅಂತ ಕೊಟ್ಟೈತಲ್ರೀ?" ಎಂದಳು ಒಬ್ಬಳು.

"ಅದನ್ನ ಬಿಡವಾ! ನಿನಗೇನ ಅನಸ್ತೈತಿ?"

"ನನಗ ಅನಸೂದು ಹೆಂಗ ಬರೀಬೇಕ್ರೀ?"

ಒಬ್ಬ ಜಾಣ ಹುಡುಗ ಬರೆದ: ಮೂರು. ಪಕ್ಕದವನು ನೋಡಿ ಬರೆದ. ದ್ಯಾಮವ್ವ ಮೇಜು ಗುದ್ದಿದಳು, ಬೈದಳು, ಕೊನೆಗೆ ಕೈಮುಗಿದಳು. ಗಡಿಯಾರ ನಾಲ್ಕೂವರೆ ದಾಟಿತ್ತು.

ಹಿಂದಿನ ಬೆಂಚಿನ ಹುಡುಗಿ ಹೆದರುತ್ತ ಕೈಯೆತ್ತಿದಳು.

"ಮೇಡಂ, ಇದು ಪರೀಕ್ಷೆಕ ಬರ್ತೈತೇನ್ರೀ?"

ಹನ್ನೆರಡು ವರ್ಷದ ಹಿಂದೆ ಪಠ್ಯದಲ್ಲಿ ದಾಖಲೆ ಓದುವ ಪಾಠವೊಂದಿತ್ತು. ಇದೇ ಕೋಣೆಯಲ್ಲಿ ಅದರ ಮೇಲೆ ಗೀಟು ಎಳೆಸಿ, ದ್ಯಾಮವ್ವನೇ ಮಕ್ಕಳಿಗೆ ಹೇಳಿದ್ದಳು: "ಪರೀಕ್ಷೆಕ ಬರೂದಿಲ್ಲ, ಬಿಡ್ರಿ."