ಹನ್ನೊಂದು ಹಲ್ಲುಗಳ ಎಕ್ಸ್-ರೇ

ಮಂಗಳವಾರ ಮಧ್ಯಾಹ್ನ 3.40ಕ್ಕೆ ಹಲ್ಲಿನ ಡಾಕ್ಟರಮ್ಮ ಠಾಣೆಗೆ ಬಂದು ದೂರು ಕೊಟ್ಟರು. ಊಟಕ್ಕೆ ಕ್ಲಿನಿಕ್ ಮುಚ್ಚಿದ್ದಾಗ ಯಾರೋ ಬೀರು ತೆಗೆದು, ಬೇರೆಯಾಗಿ ಕಟ್ಟಿಟ್ಟಿದ್ದ ಹನ್ನೊಂದು ರೋಗಿಗಳ ಎಕ್ಸ್-ರೇ ಕದ್ದಿದ್ದರು. ಬೇರೇನನ್ನೂ ಮುಟ್ಟಿರಲಿಲ್ಲ.

“ಹಲ್ಲಿನ ಫೋಟೋ ಕದಿಯೋ ಕಳ್ಳ! ನನ್ನ ಸರ್ವೀಸಲ್ಲೇ ಮೊದಲು ಸಾರ್,” ಎಂದ ಹೆಡ್ ಕಾನ್‌ಸ್ಟೆಬಲ್, ಎಫ್‌ಐಆರ್ ಬರೆಯುತ್ತಾ. ಇನ್‌ಸ್ಪೆಕ್ಟರ್‌ಗೂ ನಗು ಬಂತು. ಆದರೆ ಬೀಗ ಬೀಗವೇ, ಕಳವು ಕಳವೇ.

4.15ಕ್ಕೆ ಪಂಚನಾಮೆ. ಬೀರುವಿನ ಬೀಗದ ತೂತಿನಲ್ಲಿ ಕೂದಲೆಳೆಯಂಥ ಉಕ್ಕಿನ ಚೂರು ಮುರಿದು ಸಿಕ್ಕಿಕೊಂಡಿತ್ತು. ಹಲ್ಲಿನ ಬೇರಿನೊಳಗಿನ ನಾಳ ಕೆರೆಯಲು ಹಲ್ಲಿನ ಡಾಕ್ಟರುಗಳು ಬಳಸುವ ಫೈಲ್ ಎಂಬ ಸೂಜಿಯ ತುದಿ ಅದು. ಅದನ್ನು ನೋಡಿದ್ದೇ ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು.

“ಆ ಹನ್ನೊಂದು ಜನಕ್ಕೆ ಏನು ಮಾಡಿದ್ರಿ?” ಇನ್‌ಸ್ಪೆಕ್ಟರ್ ಕೇಳಿದರು.

“ಬೇರೆ ಕಡೆ ಮಾಡಿಸ್ಕೊಂಡ ರೂಟ್ ಕೆನಾಲ್ ಕೆಟ್ಟು ಬಂದವರು. ಹಳೇದೆಲ್ಲ ಬಿಚ್ಚಿ, ತೊಳೆದು, ಮತ್ತೆ ತುಂಬಿದೆ.”

“ಬೇರೆ ಕಡೆ ಅಂದ್ರೆ ಎಲ್ಲಿ?”

ಆಕೆ ರಿಜಿಸ್ಟರನ್ನು ಪಕ್ಕಕ್ಕೆ ಸರಿಸಿದರು. ಇನ್‌ಸ್ಪೆಕ್ಟರ್ ರಿಜಿಸ್ಟರ್ ತಾವೇ ತಿರುವಿದರು. ‘ಮೊದಲು ಚಿಕಿತ್ಸೆ ನೀಡಿದವರು’ ಎಂಬಲ್ಲಿ ಎಲ್ಲರಿಗೂ ಒಂದೊಂದು ಹೆಸರಿತ್ತು. ಈ ಹನ್ನೊಂದು ಜನಕ್ಕೆ ಮಾತ್ರ ಇಲ್ಲ. ಮುಚ್ಚಿಡಲು ಹೋಗಿ ಬೆರಳಿಟ್ಟು ತೋರಿಸಿದಂತಾಗಿತ್ತು!

“ಇಷ್ಟು ಮರ್ಯಾದೆ ಯಾರಿಗಮ್ಮಾ?”

“ನಮ್ಮ ಮೇಷ್ಟ್ರಿಗೆ. ಕೈ ಹಿಡಿದು ಕಲಿಸಿದವರು. ಬರೆಯೋಕೆ ಮನಸ್ಸು ಬರಲಿಲ್ಲ.”

5.30ಕ್ಕೆ ಎರಡು ಬೀದಿ ಆಚೆ ಮೇಷ್ಟ್ರ ಕ್ಲಿನಿಕ್ಕಿಗೆ ಹೋದರೆ, ಆ ಹಿರಿಯ ಡಾಕ್ಟರು ಹನ್ನೊಂದೂ ಎಕ್ಸ್-ರೇಗಳನ್ನು ಕಿಟಕಿಯ ಗಾಜಿಗೆ ಅಂಟಿಸಿ, ಭೂತಗನ್ನಡಿ ಹಿಡಿದು ನಿಂತಿದ್ದರು. ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ.

“ನೀವೇ ತಂದದ್ದಾ?”

“ನಾನೇ.”

“ಸುಟ್ಟುಹಾಕೋಕಾ?”

“ಛೆ ಛೆ! ಓದೋಕೆ. ಇಲ್ಲಿ ನಾಲ್ಕನೇ ನಾಳ ಇದೆ, ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಇಲ್ಲಿ ನಾನು ತುಂಬಿದ್ದು ಬೇರಿನ ತುದಿ ಮುಟ್ಟಿಲ್ಲ.” ಭೂತಗನ್ನಡಿ ಕೆಳಗಿಟ್ಟರು. “ಹೋದ ವಾರ ಒಬ್ಬ ಪೇಷೆಂಟ್ ದಾರೀಲಿ ಸಿಕ್ಕಿ, ನೀವು ಮಾಡಿದ ಹಲ್ಲು ಸುಮಾರು ನಿಮ್ಮ ಶಿಷ್ಯೆ ಹತ್ರ ರಿಪೇರಿಗೆ ಬರ್ತಾವಂತೆ ಅಂದ. ನಾಳೆ ನನ್ನ ಹತ್ರ ಇನ್ನಿಬ್ಬರು ಬರೋರಿದ್ದಾರೆ. ಮಾಡ್ಬೇಕೋ, ಕೈ ಬಿಡ್ಬೇಕೋ ತಿಳೀಬೇಕಿತ್ತು.”

“ಶಿಷ್ಯೇನ ಕೇಳಬಹುದಿತ್ತಲ್ಲ ಸಾರ್?”

“ನನ್ನ ತಪ್ಪು ತೋರಿಸಮ್ಮಾ ಅನ್ನೋಕೆ ಬಾಯಿ ಬರಲಿಲ್ಲ. ಬೀಗ ತೆಗೆಯೋದೇ ಸುಲಭ ಅನ್ನಿಸ್ತು.”

5.50ಕ್ಕೆ ಎಕ್ಸ್-ರೇ ಜಪ್ತಿ, ಡಾಕ್ಟರ ದಸ್ತಗಿರಿ. ಇನ್‌ಸ್ಪೆಕ್ಟರ್ ಬೇಡಿ ಹಾಕಿಸಲಿಲ್ಲ. ತಮ್ಮ ಅಪ್ಪನ ವಯಸ್ಸಿನ ಮನುಷ್ಯ.

ಠಾಣೆಯಲ್ಲಿ ಡಾಕ್ಟರಮ್ಮ ಅಳುತ್ತಿದ್ದರು. “ದೂರು ವಾಪಸ್ ತಗೋತೀನಿ.”

“ಎಫ್‌ಐಆರ್ ಆಗಿದೆ ತಾಯಿ. ಇನ್ನು ಕೋರ್ಟಲ್ಲೇ ಹೇಳ್ಕೊಳ್ಳಿ.”

ಆಕೆ ಮೇಷ್ಟ್ರ ಕಡೆ ತಿರುಗಿದರು. “ನಿಮಗೆ ನೋವಾಗುತ್ತೆ ಅಂತ ಹೇಳಲಿಲ್ಲ ಸಾರ್.”

“ಮೊದಲನೇ ಹಲ್ಲಿಗೇ ಹೇಳಿದ್ರೆ ಅವತ್ತೇ ನಿಲ್ಲಿಸ್ತಿದ್ದೆ ಮಗಳೇ. ಹತ್ತು ಜನ ಬಾಯಿ ನೋಯಿಸ್ಕೊಳ್ಳೋದು ತಪ್ತಿತ್ತು.”

ಕೇಸ್ ಡೈರಿಯಲ್ಲಿ ಕಳವಿನ ಕಾರಣ ಬರೆಯಲು ಇನ್‌ಸ್ಪೆಕ್ಟರ್ ಬಹಳ ಹೊತ್ತು ತೆಗೆದುಕೊಂಡರು. ಕೊನೆಗೆ ಬರೆದರು: ಆರೋಪಿಗೆ ತನ್ನ ತಪ್ಪು ತಿಳಿಯಬೇಕಿತ್ತು, ತಿಳಿಸುವವರು ಯಾರೂ ಇರಲಿಲ್ಲ.