ಉಪಚಾರದ ಬೇಡ

ಎಲ್ಲರಿಗೂ ಕಾಣುತ್ತಿರುವುದು ತನಗೆ ಮಾತ್ರ ಯಾಕೆ ಕಾಣುತ್ತಿಲ್ಲ? ಕೆಲವು ವಾರಗಳಿಂದ ಮಂದಾಕಿನಿಯನ್ನು ಕಾಡುತ್ತಿದ್ದ ಸಣ್ಣ ಚಿಂತೆ ಇದು. ಶಾಂಭವಿ ಸುಧಾರಿಸಿದ್ದಾಳೆ ಎಂದು ಅವಳ ತಂದೆ ಹೇಳುತ್ತಿದ್ದರು, ಡಾಕ್ಟರೂ ಹೇಳುತ್ತಿದ್ದರು. ಮಂದಾಕಿನಿಗೆ ಮಾತ್ರ ಆ ಹುಡುಗಿ ದಿನದಿಂದ ದಿನಕ್ಕೆ ಎಲ್ಲರಿಂದ ದೂರ ಸರಿಯುತ್ತಿದ್ದಾಳೆ ಅನ್ನಿಸುತ್ತಿತ್ತು. ಅದನ್ನು ಡೈರಿಯಲ್ಲಿ ಬರೆದು, ಕೊನೆಗೆ 'ನನಗೇ ನೋಡಲು ಬರುವುದಿಲ್ಲವೇನೋ' ಎಂದು ಸೇರಿಸಿ ಮುಚ್ಚಿಟ್ಟಿದ್ದಳು.

ತುಮಕೂರಿನ 'ಸಂಜೆಮನೆ'ಯಲ್ಲಿ ಶಾಲೆ ಬಿಟ್ಟ ಮೇಲೆ ಸ್ವಲೀನತೆಯ, ಅಂದರೆ ಆಟಿಸಂ ಇರುವ ಮಕ್ಕಳು ಸೇರುತ್ತಿದ್ದರು. ಇತರರೊಡನೆ ಮಾತಾಡುವುದು, ಆಡುವುದು, ಸರದಿ ಕಾಯುವುದು, ಇವೇ ಅಲ್ಲಿನ ಪಾಠ. ಮನಶ್ಶಾಸ್ತ್ರದಲ್ಲಿ ಪದವಿ ಪಡೆದ ಮಂದಾಕಿನಿ ಅಲ್ಲಿ ಸಹಾಯಕಿ.

ಆ ಸಂಜೆ ತಿಂಡಿಯ ಹೊತ್ತಿನಲ್ಲಿ ಹತ್ತು ವರ್ಷದ ಶಾಂಭವಿ ಕೋಡುಬಳೆಯ ತಟ್ಟೆ ಹಿಡಿದು ಜೊತೆಯ ಹುಡುಗ ಪ್ರಣೀತನ ಅಮ್ಮನ ಮುಂದೆ ನಿಂತಳು.

"ತಗೊಳ್ಳಿ."

"ಬೇಡ ಪುಟ್ಟಿ, ಈಗ ತಾನೇ ಕಾಫಿ ಆಯ್ತು."

ಶಾಂಭವಿಯ ಕಿವಿಯ ಹಿಂದೆ ಅವರೆಕಾಳಿನಷ್ಟು ದೊಡ್ಡ ಬಿಲ್ಲೆಯೊಂದು ಅಂಟಿಕೊಂಡಿತ್ತು. ಅದು ಅವಳಿಗೊಬ್ಬಳಿಗೇ ಕೇಳುವಂತೆ ಪಿಸುಗುಟ್ಟಿತು: 'ಇದು ಉಪಚಾರದ ಬೇಡ. ಇನ್ನೊಮ್ಮೆ ಕೇಳು.'

"ಒಂದಾದ್ರೂ ತಗೊಳ್ಳಿ," ಎಂದಳು ಶಾಂಭವಿ, ಗೋಡೆ ನೋಡುತ್ತ.

"ಅಯ್ಯೋ, ಎಷ್ಟು ಚೆನ್ನಾಗಿ ಉಪಚಾರ ಮಾಡ್ತಾಳೆ," ಎನ್ನುತ್ತ ಆಕೆ ಎರಡು ತೆಗೆದುಕೊಂಡರು.

ಆ ಬಿಲ್ಲೆಯ ಹೆಸರು ಇಂಗಿತಗ್ರಾಹಿ. ಜನ ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಳ್ಳುತ್ತಾರೆ; ಈ ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುತ್ತಾರೆ. ಬೇಡ ಎಂದರೆ ತಟ್ಟೆ ವಾಪಸ್ಸು ಒಯ್ಯುತ್ತಾರೆ, ನೆಂಟರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಎದುರಿನವರ ದನಿಯ ಏರಿಳಿತ, ಹುಬ್ಬಿನ ಬಿಗಿತ, ಕೈಯ ಚಲನೆ ಗಮನಿಸಿ ಈ ಅಂತರವನ್ನು ತುಂಬುವುದು ಇಂಗಿತಗ್ರಾಹಿಯ ಕೆಲಸ. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಅದನ್ನು ರೂಪಿಸಿದ, ಸಂಜೆಮನೆ ನಡೆಸುವ ಡಾಕ್ಟರ್ ಪದ್ಮರಾಜಯ್ಯನವರು ತಂದೆತಾಯಿಯರಿಗೂ ಒಂದೊಂದು ಕೊಟ್ಟರು. ಮಕ್ಕಳಿಗೆ ಜನರ ಮನಸ್ಸು ತಿಳಿಯುವುದಾದರೆ ಜನರಿಗೂ ಮಕ್ಕಳ ಮನಸ್ಸು ತಿಳಿಯಲಿ ಎಂಬುದು ಅವರ ಆಲೋಚನೆ.

ಮಗಳನ್ನು ಕರೆದೊಯ್ಯಲು ಬಂದ ಓಂಕಾರಪ್ಪ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದ್ದರು. ಅವರದು ಪೇಟೆಯಲ್ಲಿ ಪಾತ್ರೆ ಅಂಗಡಿ.

"ಅಲ್ಲ ಡಾಕ್ಟ್ರೇ, ಅಂಗಡೀಲಿ ಮೂವತ್ತು ವರ್ಷ ಕೂತ್ರೂ ಗಿರಾಕಿ ಬೇಡ ಅಂದಿದ್ದು ನಿಜಾನೋ ಸುಳ್ಳೋ ನನಗೇ ಗೊತ್ತಾಗಲ್ಲ. ಇದಕ್ಕೆ ಹೆಂಗೆ ಗೊತ್ತಾಗುತ್ತೆ?"

ಪದ್ಮರಾಜಯ್ಯ ನಕ್ಕರು. "ಮದುವೆ ಊಟ ಮಾಡಿಸಿ ಕಲಿಸಿದ್ವಿ."

"ಯಂತ್ರಕ್ಕಾ?"

"ಹೂಂ. ಈ ಜಿಲ್ಲೇಲಿ ಜನ ಅತಿ ಹೆಚ್ಚು ಸಲ ಬೇಡ ಅನ್ನೋದು ಎಲ್ಲಿ ಹೇಳಿ? ಪಂಕ್ತೀಲಿ. ಸೌಟು ಬಂದ ಕೂಡಲೇ ಬೇಡ ಬೇಡ ಅಂತಾರೆ, ಆಮೇಲೆ ಹಾಕಿಸ್ಕೋತಾರೆ. ಕಲ್ಯಾಣ ಮಂಟಪಗಳಲ್ಲಿ ಒಪ್ಪಿಗೆ ತಗೊಂಡು ಕ್ಯಾಮೆರಾ ಇಟ್ವಿ. ಬೇಡ ಅಂದ ಮೇಲೂ ಹಾಕಿಸ್ಕೊಂಡ್ರೆ ಅದು ಉಪಚಾರದ ಬೇಡ. ಎಲೆ ಮೇಲೆ ಬಗ್ಗಿ ಎರಡೂ ಕೈ ಅಡ್ಡ ಹಿಡಿದು, ದನಿ ಎತ್ತಿ ಬೇಡ ಅಂದ್ರೆ ಅದು ನಿಜವಾದ ಬೇಡ. ಲಕ್ಷಾಂತರ ಬೇಡಗಳನ್ನ ತೋರಿಸಿದ್ವಿ. ಈಗ ತಪ್ಪೋದೇ ಇಲ್ಲ."

"ಅಪ್ಪಟ ನಿಜ," ಎಂದರು ಓಂಕಾರಪ್ಪ. ತಮ್ಮ ಕಿವಿಯ ಹಿಂದಿನ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡರು. ದನಿ ಸ್ವಲ್ಪ ತಗ್ಗಿತು. "ಇವಳು ಹುಟ್ಟಿದಾಗಿಂದ ಇವಳ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗದೆ ಒದ್ದಾಡಿದ್ದೀನಿ ಡಾಕ್ಟ್ರೇ. ಮೊದ್ಲು ಬೇಡ ಅಂದ್ರೆ ಮುಗೀತು. ಹೊಸ ಲಂಗ ಬೇಡ, ನೆಂಟರ ಮನೆ ಬೇಡ, ಸಾರು ಬೇಡ. ನಾನೂ ಸರಿ ಬಿಡು ಅಂತ ಸುಮ್ಮನಾಗ್ತಿದ್ದೆ. ಅದೆಲ್ಲ ಬರೀ ಸಂಕೋಚ ಅಂತ ಈಗ ಗೊತ್ತಾಯ್ತು. ಎರಡು ಮೂರು ಸಲ ಕೇಳಿದ್ರೆ ಒಪ್ಕೋತಾಳೆ. ಈಗೀಗ ಬೇಡ ಅನ್ನೋದೇ ಬಿಟ್ಟಿದ್ದಾಳೆ."

ಪಕ್ಕದಲ್ಲೇ ತಟ್ಟೆಗಳನ್ನು ಜೋಡಿಸುತ್ತಿದ್ದ ಮಂದಾಕಿನಿಯ ಕೈ ನಿಂತಿತು. ಹೌದು, ಬಿಟ್ಟಿದ್ದಳು. ಬೇಡ ಎನ್ನುವುದನ್ನಷ್ಟೇ ಅಲ್ಲ, ಬೇಕು ಎನ್ನುವುದನ್ನೂ ಬಿಟ್ಟಿದ್ದಳು. ಮೊದಲು ನೀಲಿ ಕುರ್ಚಿಯೇ ಬೇಕೆಂದು ಹಟ ಹಿಡಿಯುತ್ತಿದ್ದವಳು ಈಗ ಕೂರಿಸಿದಲ್ಲಿ ಕೂರುತ್ತಿದ್ದಳು. ಜಾಗಟೆ ಬಾರಿಸುವ ಆಟ ಶುರುವಾದರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದವಳು, ಈಗ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಸುತ್ತ ಕದಲದೆ ಇರುತ್ತಿದ್ದಳು. ಪ್ರಗತಿಪಟ್ಟಿಯಲ್ಲಿ ಇದಕ್ಕೆ 'ಹೊಂದಾಣಿಕೆ' ಎಂದು ಹೆಸರು. ಆ ಪದವನ್ನು ಬರೆಯುವಾಗಲೆಲ್ಲ ಮಂದಾಕಿನಿಗೆ ಸಂಕಟವಾಗುತ್ತಿತ್ತು.

ಹೇಳಬೇಕು ಎಂದುಕೊಂಡು ಮರುದಿನ ಡಾಕ್ಟರ ಕೋಣೆಗೆ ಹೋದಳು. ಮಾತು ತೆಗೆಯುವ ಮೊದಲೇ ಅವರು ಕುರ್ಚಿ ತೋರಿಸಿದರು.

"ಬನ್ನಿ, ನಾನೇ ಕರೆಸೋಣ ಅಂತಿದ್ದೆ. ಭಾನುವಾರ ಬೇರೆ ತಾಲ್ಲೂಕುಗಳಿಂದ ಇಂಥ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಬರ್ತಾರೆ. ಅವರಿಗೆ ಶಾಂಭವೀನ ತೋರಿಸ್ತೀವಿ. ಮೆಚ್ಕೊಂಡ್ರೆ ಎಲ್ಲ ಊರಲ್ಲೂ ಇಂಗಿತಗ್ರಾಹಿ. ತಿಪಟೂರಿನ ಕೇಂದ್ರ ನೀವು ನೋಡ್ಕೋಬೇಕು."

ಮಂದಾಕಿನಿಗೆ ಗಾಬರಿಯಾಯಿತು. ಹೊಸ ಊರು, ಹೊಸ ಜನ, ದಿನವೂ ಸಭೆ. ಅದಕ್ಕಿಂತ ಹೆಚ್ಚಾಗಿ, ತಾನೇ ನಂಬದ ಒಂದನ್ನು ನಿಂತು ನಡೆಸುವುದು. ಗಾಬರಿಯಾದಾಗ ಅವಳಿಗೆ ತುಟಿಯಂಚಿನಲ್ಲಿ ನಗು ಬಂದುಬಿಡುತ್ತಿತ್ತು. ಈಗಲೂ ಬಂತು.

"ಬೇಡ ಸರ್."

ಪದ್ಮರಾಜಯ್ಯ ಒಂದು ಕ್ಷಣ ತಲೆ ವಾಲಿಸಿ ತಮ್ಮ ಕಿವಿಯ ಹಿಂದಿನ ಬಿಲ್ಲೆ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡರು. "ಸಂಕೋಚ ಬೇಡ. ನಿಮ್ಮ ಕೈಲಿ ಆಗುತ್ತೆ."

"ಇಲ್ಲ ಸರ್, ಬೇಡ."

"ಇನ್ನೊಂದು ಸಲ ಕೇಳ್ತಿದ್ದೀನಿ. ಒಪ್ಕೊಳ್ಳಿ." ಅವರು ಪ್ರೀತಿಯಿಂದಲೇ ಕೇಳುತ್ತಿದ್ದರು. ಪ್ರೀತಿಯಿಂದ ಕೇಳುವವರಿಗೆ ಮೂರನೆಯ ಸಲ ಬೇಡ ಎನ್ನುವುದು ಹೇಗೆಂದು ಮಂದಾಕಿನಿಗೆ ಯಾರೂ ಕಲಿಸಿರಲಿಲ್ಲ.

"ಸರಿ ಸರ್," ಎಂದಳು.

ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ಅವಳ ಕಾಲು ತಾನಾಗಿ ನಿಂತಿತು. ಎಲೆಗೆ ಕೈ ಅಡ್ಡ ಹಿಡಿಯದೆ, ದನಿ ಎತ್ತದೆ ಹೇಳಿದ ಬೇಡವನ್ನೆಲ್ಲ ಆ ಯಂತ್ರ ಉಪಚಾರದ ಲೆಕ್ಕಕ್ಕೆ ಹಾಕುತ್ತದೆ. ಅದು ಕಲಿತದ್ದೇ ಹಾಗೆ. ಶಾಂಭವಿ ಎಂದಾದರೂ ದನಿ ಎತ್ತಿದ್ದುಂಟೆ? ಸಂತೋಷವಾದರೂ, ಹೊಟ್ಟೆನೋವಾದರೂ ಅವಳ ದನಿ ಒಂದೇ ಸಮ. ಹುಬ್ಬು ಬಿಗಿಯುವುದಿಲ್ಲ, ಕೈ ಏಳುವುದಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಉಪಚಾರಕ್ಕೆಂದು ಮಾತಾಡದ ಹುಡುಗಿಯ ಪ್ರತಿಯೊಂದು ಬೇಡವೂ ಮನೆಯಲ್ಲಿ ಉಪಚಾರವಾಗಿ ಕೇಳಿಸುತ್ತಿತ್ತು. ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಾದ ಮೇಲೆ ಅವಳು ಹೇಳುವುದನ್ನೇ ನಿಲ್ಲಿಸಿದ್ದಳು.

ಹಿಂದಿರುಗಿ ಹತ್ತಬೇಕೆಂದುಕೊಂಡಳು ಮಂದಾಕಿನಿ. ಆಗಲಿಲ್ಲ. ಭಾನುವಾರಕ್ಕೆ ಇನ್ನೂ ದಿನವಿದೆ ಎಂದು ಸಮಾಧಾನ ಹೇಳಿಕೊಂಡಳು. ಆ ದಿನಗಳೂ ಹಾಗೆಯೇ ಕಳೆದವು.

ಭಾನುವಾರ ಸಂಜೆಮನೆಯ ಹಾಲ್ ತುಂಬಿತ್ತು. ಬಂದವರಿಗೆಲ್ಲ ಬಾಗಿಲಲ್ಲೇ ಒಂದೊಂದು ಬಿಲ್ಲೆ ಅಂಟಿಸಿದ್ದರು. ಶಾಂಭವಿ ಕೋಡುಬಳೆ ಹಂಚಿದಳು, ನಮಸ್ಕಾರ ಮಾಡಿದಳು, ಊರು ಯಾವುದು ಎಂದು ಕೇಳಿದಳು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಅವಳಿಗೊಂದು ಸನ್ಮಾನವೆಂದು ನಿರ್ಧಾರವಾಗಿತ್ತು. ಓಂಕಾರಪ್ಪ ತಾವೇ ಆರಿಸಿ ತಂದಿದ್ದ ಸುಗಂಧರಾಜದ ಹಾರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ದಪ್ಪ ಹಾರ, ನೀರು ತೊಟ್ಟಿಕ್ಕುತ್ತಿತ್ತು. ಅದರ ವಾಸನೆ ಹಾಲಿನ ಕೊನೆಯ ಸಾಲಿಗೂ ಬರುತ್ತಿತ್ತು.

"ಬೇಡ," ಎಂದಳು ಶಾಂಭವಿ.

ಎಷ್ಟೋ ವಾರಗಳ ನಂತರ ಅವಳ ಬಾಯಿಂದ ಬಂದ ಮೊದಲ ಬೇಡ ಅದು. ಹಾಲಿನಲ್ಲಿದ್ದ ಅಷ್ಟೂ ಕಿವಿಗಳಲ್ಲಿ ಒಂದೇ ಪಿಸುಮಾತು ಕೇಳಿಸಿತು. ಅಷ್ಟೂ ಮುಖಗಳು ಮುಗುಳ್ನಕ್ಕವು.

"ನಾಚ್ಕೊತಾಳೆ ಮಗು," ಎಂದಿತು ಒಂದು ಹೆಣ್ಣುದನಿ.

"ಹಾಕಿಸ್ಕೋ ಕಂದ, ನಿಮ್ಮಪ್ಪ ಅಲ್ವಾ."

"ಬೇಡ."

"ಒಂದೇ ನಿಮಿಷ ಪುಟ್ಟಿ," ಎಂದರು ಓಂಕಾರಪ್ಪ. ಅವರ ಕಣ್ಣು ತುಂಬಿತ್ತು. ಅಷ್ಟು ಜನರಲ್ಲಿ ಅವಳಿಗೆ ಕೆಟ್ಟದ್ದು ಬಯಸುವವರು ಒಬ್ಬರೂ ಇರಲಿಲ್ಲ. ಶಾಂಭವಿ ಬೆರಳುಗಳನ್ನು ಹಿಂದಕ್ಕೆ ಮಡಿಸತೊಡಗಿದಳು. ಮೂರನೆಯ ಸಲ ಅವಳು ಏನೂ ಹೇಳಲಿಲ್ಲ, ಕುತ್ತಿಗೆ ಬಗ್ಗಿಸಿದಳು.

ಗೋಡೆಯ ಪಕ್ಕ ನಿಂತಿದ್ದ ಮಂದಾಕಿನಿ ತಾನು ನಡೆಯುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಓಂಕಾರಪ್ಪನವರ ಬಳಿ ತಲುಪಿದ್ದಳು.

"ಅಣ್ಣಾ, ಕಿವಿಯಿಂದ ಅದನ್ನ ತೆಗೆದು ಒಂದ್ಸಲ ಕೇಳಿ."

"ಯಾಕಮ್ಮ?"

"ಒಂದೇ ಸಲ."

ಅವರು ಹಾರವನ್ನು ತೋಳಿಗೆ ಇಳಿಬಿಟ್ಟುಕೊಂಡು ಬಿಲ್ಲೆಯನ್ನು ಕಿತ್ತರು. ಅಂಗಿಯ ಜೇಬಿಗೆ ಹಾಕಿಕೊಂಡು ಮಗಳ ಎತ್ತರಕ್ಕೆ ಮಂಡಿಯೂರಿದರು. "ಹಾರ ಬೇಡ್ವಾ ಪುಟ್ಟಿ?"

ಶಾಂಭವಿ ಅವರ ಬರಿಯ ಕಿವಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಬೇಡ. ಚುಚ್ಚುತ್ತೆ. ತಲೆನೋವು ಬರುತ್ತೆ. ಬೇಡ."

ಆ ಒಂದು ಪದವನ್ನು ಓಂಕಾರಪ್ಪ ಎಷ್ಟು ಸಲ ಕೇಳಿದ್ದರು, ಯಾವ ಯಾವುದಕ್ಕೆ ಕೇಳಿದ್ದರು ಎಂಬುದು ಅವರ ಮುಖದ ಮೇಲೆ ಹಾದುಹೋಗುತ್ತಿತ್ತು. "ಸರಿ ಮಗಳೇ," ಎಂದು ಹಾರವನ್ನು ಮೇಜಿನ ಆ ತುದಿಗೆ, ಅವಳಿಂದ ದೂರಕ್ಕೆ ಸರಿಸಿದರು. ಶಾಂಭವಿಯ ಬೆರಳುಗಳು ಬಿಡಿಸಿಕೊಂಡವು. ಅವಳು ತಾನಾಗಿ ಅಪ್ಪನ ಭುಜದ ಮೇಲೆ ಒಂದು ಕೈ ಇಟ್ಟಳು. ಮುಂದಿನ ಸಾಲಿನಲ್ಲಿ ಒಬ್ಬ ತಾಯಿ, ತನ್ನ ಮಗನನ್ನು ಒಮ್ಮೆ ನೋಡಿ, ಕಿವಿಯ ಹಿಂದಿನ ಬಿಲ್ಲೆಯನ್ನು ಮೆಲ್ಲನೆ ತೆಗೆದರು. ಆಮೇಲೆ ಇನ್ನೊಬ್ಬರು.

ಪದ್ಮರಾಜಯ್ಯ ಗೊಂದಲಕ್ಕೆ ಬಿದ್ದಿದ್ದರು. "ಇದು ತಪ್ಪು ಹೇಳಿದ್ದು ಇದೇ ಮೊದಲು. ಇಷ್ಟು ವರ್ಷ ಪರೀಕ್ಷೆ ಮಾಡಿದ್ದೀವಿ, ನಮಗ್ಯಾರಿಗೂ ಕಾಣಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು ಮಂದಾಕಿನಿ?"

ಹಾಲ್ ಪೂರ್ತಿ ಅವಳ ಕಡೆ ತಿರುಗಿತು. ಗಾಬರಿಯ ಆ ನಗು ತುಟಿಯಂಚಿಗೆ ಬಂದೇ ಬಂತು. ಡಾಕ್ಟರು ತಲೆ ವಾಲಿಸಿ ಯಂತ್ರದ ಮಾತು ಕೇಳಲು ಹೋದವರು, ಅರ್ಧಕ್ಕೇ ನಿಲ್ಲಿಸಿ ಅದನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡರು. ಅವಳ ಮಾತಿಗಾಗಿ ಕಾದರು.

"ಮೊನ್ನೆ ತಿಪಟೂರು ಬೇಡ ಅಂದಿದ್ನಲ್ಲ ಸರ್," ಎಂದಳು ಮಂದಾಕಿನಿ. "ಅದು ಸಂಕೋಚ ಅಲ್ಲ. ನನಗೆ ನಿಜವಾಗ್ಲೂ ಬೇಡವಾಗಿತ್ತು."